ಮೀನಿನ ಪಾಲಿನ ಮಂಡಕ್ಕಿ

ತಳವಾರ ಹೊಳಿಯಪ್ಪನ ಹೊಟ್ಟೆ ಹೊತ್ತು ಏರುವ ಮೊದಲೇ ಉಬ್ಬರಿಸಿತ್ತು. ಒಳಗಿದ್ದದ್ದು ಬರೀ ಮಂಡಕ್ಕಿ. ನಿನ್ನೆಯೂ ಮಂಡಕ್ಕಿ, ಮೊನ್ನೆಯೂ ಮಂಡಕ್ಕಿ. ಮನೆಯ ಜೋಳದ ರೊಟ್ಟಿಗೆ ಜಾಗವೇ ಇಲ್ಲದಂತೆ ಊರಿನ ಭಕ್ತಿಯೆಲ್ಲ ಬಂದು ಅವನ ಹೊಟ್ಟೆಯಲ್ಲಿ ಠಾಣೆ ಹೂಡಿತ್ತು. ಅವನು ಊರಿನ ಮೆಟ್ಟಿಲಬಾವಿಯಲ್ಲಿ ಕೊನೆಯ ಒಣ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕಾಲ ಹೆಬ್ಬೆರಳಿನ ಮುಂದೆಯೇ ನೀರು. ಬೆರಳು ನೀರಿಗೆ ತಾಗಬಾರದು, ಅದು ಸರ್ಕಾರದ ಹುಕುಂ. ಆ ಹುಕುಮನ್ನು ಊರಿಗೆಲ್ಲ ಸಾರಿ ಹೇಳಿದವನೇ ಅವನಾದ್ದರಿಂದ ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ಕಾವಿಗೆ ಕೂತ ಕೋಳಿಯ ಹಾಗೆ ಕೂತಿದ್ದ. ನೀರಿನಲ್ಲಿ ಮೀನುಗಳು ಬಂದು ನಿಂತು ಅವನನ್ನೇ ನೋಡುತ್ತಿದ್ದವು. ಕಿರುಬೆರಳುದ್ದದ ಬಿಳೀ ಮೀನುಗಳು. ಹಿಂದಿನ ತಿಂಗಳು ಗೌಡರ ಮನೆಯ ಎಮ್ಮೆಗಳಂತೆ ಮೈತುಂಬಿಕೊಂಡಿದ್ದವು, ಈಗ ಒಂದೊಂದೂ ಜಾಲಿಯ ಎಲೆಯಷ್ಟು ತೆಳ್ಳಗಾಗಿತ್ತು. ಹಂಗ ನೋಡಬ್ಯಾಡ್ರಪಾ, ನಿಮ್ಮ ಪುಣ್ಯ ಹೆಚ್ಚಲಿ, ಎಂದು ಹೊಳಿಯಪ್ಪ ಮನಸ್ಸಿನಲ್ಲೇ ಕೈಮುಗಿದ. ಇವತ್ತು ಊರೂರಿನ ನೀರು, ನೈರ್ಮಲ್ಯ ನೋಡುವ ಸಫಾಯಿ ದಾರೋಗಾ ಯಲಬುರ್ಗಿಯಿಂದ ಬರುವವನಿದ್ದ. ಬಂದು ನೀರು ಸೋಸಿ ನೋಡುತ್ತಾನೆ. ಅದರಲ್ಲಿ ಇನ್ನೂ ಹುಳ ಕಂಡರೆ ಈ ಮೀನುಗಳನ್ನು ಬಲೆ ಹಾಕಿ ಹಿಡಿದು, ಡಬ್ಬಿಗೆ ತುಂಬಿಕೊಂಡು, ಕುಷ್ಟಗಿ ಕಡೆಯ ಯಾವುದೋ ಬಾವಿಗೆ ಒಯ್ದುಬಿಡುತ್ತಾನೆ. ಒಯ್ದರೆ ಒಯ್ಯಲಿ, ನಮ್ಮಪ್ಪನ ಗಂಟೇನು ಹೋಗೋದು ಎಂದುಕೊಂಡು ನೋಡಿದ ಹೊಳಿಯಪ್ಪ. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಗಿ ಆ ಮಾತು ಅರ್ಧಕ್ಕೇ ನಿಂತಿತು. ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಒಂದು ತೊಟ್ಟಿಲು ಕಟ್ಟಲಾಗದ ಗಂಡಸಿಗೆ, ಸರ್ಕಾರ ತಾನಾಗಿ ತಂದು ಕೈಗೆ ಕೊಟ್ಟದ್ದು ಇದೊಂದೇ.

ಅವು ಬಂದದ್ದು ಸಂಕ್ರಾಂತಿ ಮುಗಿದ ಮೇಲೆ, ಗಂಗಾವತಿಯ ಹೊಳೆಯಿಂದ, ಎತ್ತಿನ ಗಾಡಿಯಲ್ಲಿ, ಒದ್ದೆ ಗೋಣಿಚೀಲ ಹೊದಿಸಿದ ಎಣ್ಣೆಡಬ್ಬಿಯೊಳಗೆ. ಊರೇ ಬಾವಿಯ ಮೇಲೆ ನೆರೆದಿತ್ತು. ದಾರೋಗಾನ ತಲೆಯ ಮೇಲೆ ಕೆಂಪು ರೂಮಿ ಟೋಪಿ. ಮಾತಿಗೊಮ್ಮೆ ಅದರ ಕುಚ್ಚು ಅಲ್ಲಾಡುತ್ತಿತ್ತು, ಮಾತಿಗಿಂತ ಜನಕ್ಕೆ ಆ ಕುಚ್ಚಿನ ಮೇಲೇ ಕಣ್ಣು.

"ನಿಮ್ಮ ಕಾಲಾಗ ನಾರುಹುಳ ಹ್ಯಾಂಗ ಬರ್ತೈತಿ, ಗೊತ್ತೈತೇನು?"

"ಪಾಪಕ್ಕ ಬರ್ತೈತ್ರಿ," ಎಂದಿತು ಊರು.

"ಪಾಪಕ್ಕಲ್ಲಪಾ, ನೀರಿಗೆ ಬರ್ತೈತಿ. ಕೇಳ್ರಿಲ್ಲಿ. ನಾರು ಎದ್ದಾಂವ ಕಾಲು ಉರೀತೈತಿ ಅಂತ ಬಾವ್ಯಾಗ ಇಳೀತಾನ. ಹುಣ್ಣು ಒಡದು ನಾರಿನ ಮರಿ ನೀರಿಗೆ ಬೀಳ್ತಾವು. ನೀರಾಗ ಎಳ್ಳಿಗಿಂತ ಸಣ್ಣ ಹುಳ ಅದಾವು, ಅವು ಆ ಮರಿ ತಿಂತಾವು. ಆ ಹುಳಾನ ನೀವು ನೀರಿನ ಜೋಡಿ ಕುಡೀತೀರಿ. ಹೊಟ್ಯಾಗ ಮರಿ ಒಂದು ವರ್ಷ ಬೆಳೀತೈತಿ, ಆಮ್ಯಾಲ ಕಾಲಾಗ ಬಂದು ಹೊರಗ ಇಣುಕತೈತಿ. ಮರೀನ ಹುಳ ತಿಂತು, ಹುಳಾನ ನೀವು ತಿಂದ್ರಿ, ನಿಮ್ಮನ್ನ ಮರಿ ತಿಂತು. ತಿಳೀತಿಲ್ಲೋ?"

"ಒಟ್ಟ ಯಾರೂ ಉಪಾಸ ಇಲ್ಲ ಬಿಡ್ರಿ," ಎಂದ ಯಾರೋ ಹಿಂದಿನಿಂದ. ಜನ ನಕ್ಕರು.

"ಈ ಮೀನು ಆ ಹುಳಾ ತಿಂತೈತಿ. ಹುಳಾ ಇಲ್ಲಂದ್ರ ಮರಿಗೆ ಮನಿ ಇಲ್ಲ. ನಡುವಿನ ಒಂದು ಕೊಂಡಿ ಕಳಚಿದ್ರ ಸರಪಳಿ ಪೂರಾ ಬಿಚ್ಚಿತು. ಮತ್ತ ಬಾವಿಗೆ ಯಾರೂ ಕಾಲು ಇಡೂಹಂಗಿಲ್ಲ, ನೀರು ಸೋಸಿ ಕುಡೀಬೇಕು. ಯಾರ ಜಿಮ್ಮಾ ಇದು? ಏ ತಳವಾರ, ಬಾ ಇಲ್ಲಿ. ಈ ಮೀನು ಇವತ್ತಿಂದ ನಿನ್ನ ಜಿಮ್ಮಾ."

ಹೊಳಿಯಪ್ಪನ ಜಿಮ್ಮಾ ಅಂತ ಇದುವರೆಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಗೌಡ ಕರೆದರೆ ಓಡಬೇಕು, ತಹಸೀಲಿನವರು ಬಂದರೆ ಕುದುರೆಗೆ ಹುಲ್ಲು ತರಬೇಕು, ಏನು ಕಳವಾದರೂ ಬೈಸಿಕೊಳ್ಳಬೇಕು. ತಳವಾರಿಕೆಯ ಗುರುತಾಗಿ ತಲೆಯ ಮೇಲೊಂದು ಕೆಂಪು ರುಮಾಲು, ಕೈಯಲ್ಲೊಂದು ಕೋಲು, ಅಷ್ಟೆ. ಆವತ್ತು ಡಬ್ಬಿ ಬಗ್ಗಿಸಿದಾಗ ಮೀನುಗಳು ನೀರಿಗೆ ಜಾರಿ, ಕತ್ತಲೆಯಲ್ಲಿ ಒಮ್ಮೆ ಫಳ್ಳೆಂದು, ಮಾಯವಾದವು. ಅವನ ಕೈ ತಾನಾಗಿ ರುಮಾಲಿನ ಅಂಚು ಹಿಡಿದು ಕಣ್ಣಿಗೆ ಹೋಯಿತು. ಥೂ, ಗಂಡಸು ನಾನು, ಎಂದು ಕೆಮ್ಮಿ ಅದನ್ನು ಮರೆಸಿದ. ಆದರೆ ಕೆಮ್ಮುತ್ತಿರುವಾಗಲೇ ದಾರೋಗಾನ ಮಾತಿನಲ್ಲಿದ್ದ ಆ ಒಂದು ವರ್ಷ ಅವನ ಕಿವಿಯಲ್ಲಿ ಸಿಕ್ಕಿಕೊಂಡಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕ ಮಾವಿನ ನಾರಿನಂತೆ. ಹೋದ ವೈಶಾಖದಲ್ಲಿ ಅವನ ಬಲಗಾಲಿಗೇ ನಾರು ಎದ್ದಿತ್ತಲ್ಲ. ಕಾಲೊಳಗೆ ಯಾರೋ ಕೆಂಡ ಹೂತಂತೆ ಉರಿ. ನೆತ್ತಿಯ ಮೇಲೆ ಸೂರ್ಯ, ಬಾವಿಯ ಹತ್ತಿರ ಒಂದು ನಾಯಿಯೂ ಇಲ್ಲ. ಅತ್ತ ಇತ್ತ ನೋಡಿ ಮೊಣಕಾಲುವರೆಗೆ ನೀರಿಗೆ ಇಳಿಸಿದ್ದ. ಆಹಾ! ಆ ತಂಪು! ಗೌಡನಿಗೂ, ತಹಸೀಲದಾರನಿಗೂ, ಹೈದರಾಬಾದಿನ ಅರಮನೆಯಲ್ಲಿ ಇರುವವರಿಗೂ ಅಂಥ ಸುಖ ಸಿಕ್ಕಿರಲಾರದು ಎನ್ನಿಸಿತ್ತು. ಕಣ್ಣುಮುಚ್ಚಿ ಕೂತೇ ಇದ್ದ. ಹೊತ್ತು ಇಳಿದ ಮೇಲೆ ಅದೇ ಬಾವಿಯಿಂದ ಅವನ ಹೆಂಡತಿ ಹುಲಿಗವ್ವ ಕೊಡ ತುಂಬಿಕೊಂಡು ಬಂದಿದ್ದಳು. ಅದೇ ನೀರಿನಲ್ಲಿ ಸಾರು ಮಾಡಿದ್ದಳು. ಸಾರು ಬೆಂದಿತ್ತು, ಅದಕ್ಕೆ ಚಿಂತೆಯಿಲ್ಲ. ಅವಳು ಕುಡಿದ ತಂಬಿಗೆಯ ನೀರು ಬೆಂದಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆಯುವುದಕ್ಕೂ ಹುಲಿಗವ್ವನ ಹಿಮ್ಮಡಿಯ ಮೇಲೆ ಗುಳ್ಳೆ ಏಳುವುದಕ್ಕೂ ಸರಿಹೋಯಿತು. ಊರಿಗೆಲ್ಲ ನಾರು ತೆಗೆಯುವವಳು ಮುದುಕಿ ರಾಜಾಬೀ. ಅವಳು ಬಂದು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿಯ ದಾರದ ತುದಿಯಂಥದ್ದನ್ನು ಒಂದು ಕಡ್ಡಿಗೆ ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿದಳು. "ಇವತ್ತಿಗೆ ಇಷ್ಟ ಸಾಕು. ಜಗ್ಗಬ್ಯಾಡವಾ. ಹರೀತಂದ್ರ ಒಳಗ ಕೊಳೀತೈತಿ. ಅದಕ್ಕ ಮನಸು ಬಂದಾಂಗ ಬರ್ಲಿ."

"ಹೊಟ್ಯಾಗ ಬರಲಾರದ್ದು ಹಿಮ್ಮಡ್ಯಾಗ ಬಂತು ನೋಡು ರಾಜಾಬೀ," ಎಂದಳು ಹುಲಿಗವ್ವ. ಇಬ್ಬರೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಹೊಳಿಯಪ್ಪನಿಗೆ ನಗು ಬರಲಿಲ್ಲ. ದಾರೋಗಾನ ಲೆಕ್ಕ ಹಿಡಿದರೆ ಆ ಕಡ್ಡಿಗೆ ಸುತ್ತಿಕೊಂಡಿದ್ದು ಅವನದೇ ಸಂತಾನ. ಅವನ ಕಾಲಿನಿಂದ ಬಿದ್ದು, ಹುಳದ ಹೊಟ್ಟೆ ಹೊಕ್ಕು, ತಂಬಿಗೆ ಹತ್ತಿ, ಅವಳ ಮೈಯಲ್ಲಿ ವರ್ಷವಿಡೀ ಊಟ ಮಾಡಿ, ಈಗ ಅಪ್ಪನ ಮುಖ ನೋಡಲು ಹೊರಗೆ ಇಣುಕಿದೆ. ಛೀ, ಎಂಥಾ ವಿಚಾರ! ಆದರೆ ಒಮ್ಮೆ ಹೊಕ್ಕ ವಿಚಾರ ಹೊರಗೆ ಹೋಗಲಿಲ್ಲ. ಅದನ್ನೂ ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯುವಂತಿದ್ದರೆ ಆಗುತ್ತಿತ್ತು. ಹೇಳಿಬಿಡಬೇಕು ಎಂದು ಆ ಸಂಜೆ ಅವಳ ಮಗ್ಗುಲಲ್ಲಿ ಕೂತ. "ಹುಲಿಗೀ, ಹ್ವಾದ ವರ್ಷ..." ಎಂದ.

"ಹ್ವಾದ ವರ್ಷದ್ದು ಬಿಡು. ನಾಳಿಗೆ ನೀರು ಯಾರು ತರ್ತಾರ, ಅದನ್ನ ಹೇಳು," ಎಂದಳು ಅವಳು. "ನಾನಂತೂ ಬಾವಿ ಇಳಿಯೂಹಂಗಿಲ್ಲ. ನೀನ ಸಾರಿ ಬಂದೀಯಲ್ಲ."

ಹಾಗೆ ಮರುದಿನದಿಂದ, ಮೀಸೆ ತಿರುವುವ ತಳವಾರ, ರುಮಾಲಿನ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ಕೊಡ ಇಟ್ಟು, ಒಂದು ಕೈಯಲ್ಲಿ ಕೊಡ ಹಿಡಿದು ಇನ್ನೊಂದರಲ್ಲಿ ಕೋಲೂರುತ್ತ ಊರ ನಡುವೆ ನಡೆದ. ಹೆಂಗಸರು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು, ಮರ್ಯಾದೆಗಲ್ಲ, ಬಿದ್ದು ನಗಲು ಗೋಡೆಯ ಆಸರೆ ಬೇಕಿತ್ತು. "ಹೊಳಿಯವ್ವಾ, ಎಷ್ಟನೇ ತಿಂಗಳ?" ಎಂದು ಒಬ್ಬಳು ಕೇಳಿಯೇಬಿಟ್ಟಳು. ಕೊಡ ಹೊತ್ತವನು ತಲೆಯೆತ್ತಿ ಜಗಳವಾಡುವಂತಿಲ್ಲ, ಅದು ಕೊಡದ ಗುಣ. ನುಂಗಿಕೊಂಡು ಮನೆಗೆ ಬಂದ.

ಅಂಥ ಹೊತ್ತಿನಲ್ಲಿ ಅವನಿಗೆ ಸಮಾಧಾನವಿದ್ದದ್ದು ಮೀನುಗಳ ಹತ್ತಿರ ಮಾತ್ರ. ಕೊಡವನ್ನು ಬದಿಗಿಟ್ಟು, ಸೊಂಟದಲ್ಲಿ ಕಟ್ಟಿ ತಂದ ರೊಟ್ಟಿಯ ಚೂರನ್ನು ಪುಡಿ ಮಾಡಿ ಹಾಕುತ್ತಿದ್ದ. ಅವು ಬಂದವು. ಮೊದಲು ಒಂದು, ಆಮೇಲೆ ಹತ್ತಾರು. ಬಾಲದ ತುದಿ ಹರಿದಿದ್ದ ಒಂದು ಮೀನು ಅವನ ನೆರಳು ಬಿದ್ದರೆ ಸಾಕು ಮೇಲೆ ಬರುತ್ತಿತ್ತು. ಅದಕ್ಕೆ ಬಾಲಪ್ಪ ಎಂದು ಹೆಸರಿಟ್ಟ. "ಉಂಡಿಯೇನೋ ಬಾಲಪ್ಪಾ? ಹೊಳಿ ನೆನಪಾಗ್ತೈತೇನೋ?" ಎಂದು ಮಾತಾಡಿಸುವಾಗ ಮೇಲಿನ ಮೆಟ್ಟಿಲಲ್ಲಿ ಗೌಡನ ತಾಯಿ ವಿರೂಪಾಕ್ಷಮ್ಮ ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಅವಳ ಮೊಮ್ಮಗನಿಗೆ ಜ್ವರವಿತ್ತು. ಅವನು ಮೀನಿಗೆ ಏನೋ ಬೇಡಿಕೊಳ್ಳುತ್ತಿದ್ದಾನೆಂದೇ ತಿಳಿದು, ಮನೆಗೆ ಹೋದವಳೇ ಸೆರಗಿನ ತುಂಬ ಮಂಡಕ್ಕಿ ತಂದು, ಕಣ್ಣುಮುಚ್ಚಿ ಏನೋ ಬೇಡಿಕೊಂಡು, ಬಾವಿಗೆ ಸುರಿದಳು. ಮೀನುಗಳು ನೀರನ್ನೇ ಕುದಿಸಿದಂತೆ ಎದ್ದು ಬಂದು ತಿಂದವು. ಸಂಜೆಗೆ ಜ್ವರ ಬಿಟ್ಟಿತು. ಅದು ಮುಂಜಾನೆಯೇ ಬಿಡುತ್ತ ಬಂದಿತ್ತು ಎಂದು ಹೇಳಲು ಯಾರಿಗೆ ಧೈರ್ಯ? ವಾರದೊಳಗೆ ಊರಿಗೆ ಊರೇ ಹರಕೆ ಹೊತ್ತಿತು. ಮದುವೆ ಕುದುರಲಿ, ಎಮ್ಮೆ ಗಬ್ಬವಾಗಲಿ, ಸೊಸೆಯ ಬಾಯಿ ಸಣ್ಣದಾಗಲಿ, ಎಲ್ಲದಕ್ಕೂ ಬಾವಿಗೆ ಮಂಡಕ್ಕಿ. ಮಂಡಕ್ಕಿ ಮಾರುವ ಗೌಸಬೀ ಬುಟ್ಟಿಯನ್ನು ಸಂತೆಗೆ ಒಯ್ಯುವುದೇ ಬಿಟ್ಟು ಬಾವಿಯ ಕಟ್ಟೆಯ ಮೇಲೇ ಇಳಿಸಿದಳು. ಹೊಳಿಯಪ್ಪ ಹಿಗ್ಗಿ ಹೀರೇಕಾಯಿಯಾದ. ಮಕ್ಕಳಿದ್ದವರಿಗೆ ಮಾತ್ರ ಗೊತ್ತಾಗುವ ಹಿಗ್ಗು ಅದು, ತನ್ನವು ತಿನ್ನುವುದನ್ನು ನೋಡುವ ಹಿಗ್ಗು. ನೀರು ಹಸುರಾಗುತ್ತ ಬಂದದ್ದನ್ನು ಅವನು ನೋಡಲಿಲ್ಲ. ನೋಡಿದರೂ, ದೇವರ ನೀರು, ಬಣ್ಣ ಬಂದಿರಬೇಕು ಎಂದುಕೊಂಡ.

ಆಮೇಲೆ ದಾರೋಗಾ ಬಂದ. ಮೂಗು ಮುಚ್ಚಿಕೊಂಡೇ ಮೆಟ್ಟಿಲಿಳಿದ. ಸೋಸಲು ಬಟ್ಟೆ ಕೊಡಿ ಎಂದರೆ ಯಾರೂ ಕೊಡಲಿಲ್ಲ. ಉಟ್ಟದ್ದನ್ನು ಬಿಟ್ಟರೆ ಬಟ್ಟೆ ಯಾರ ಹತ್ತಿರವಿತ್ತು? ಕೊನೆಗೆ ಎಲ್ಲರ ಕಣ್ಣೂ ಹೊಳಿಯಪ್ಪನ ತಲೆಗೆ ಬಿದ್ದವು. ಒತ್ತಾಗಿ ನೆಯ್ದ ಕೆಂಪು ರುಮಾಲು. ಊರ ಮುಂದೆ ಬೋಳುತಲೆಯಲ್ಲಿ ನಿಂತು ಅದನ್ನು ಬಿಚ್ಚಿ ಕೊಟ್ಟ. ದಾರೋಗಾ ಅದನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿದ. ಕೆಂಪಿನ ಮೇಲೆ ಬೆಳ್ಳಗೆ, ರವೆ ಚೆಲ್ಲಿದಂತೆ ಹುಳಗಳು, ಒಂದೊಂದೂ ಟಣ್ಣ ಟಣ್ಣ ಜಿಗಿಯುತ್ತಿದ್ದವು.

"ಏನ್ಲೇ ತಳವಾರ, ಇವೇನು ಮೀನು ಸಾಕೀಯೋ, ಹುಳಾ ಸಾಕೀಯೋ?" ಕುಚ್ಚು ಸಿಟ್ಟಿನಿಂದ ಕುಣಿಯಿತು. "ದಿನಾ ಮದುವಿ ಊಟ ಹಾಕಿದ್ರ ನೀನು ಮನ್ಯಾಗಿನ ತಂಗಳ ತಿಂತೀಯೇನು? ಹೊಟ್ಟಿ ತುಂಬಿದ ಮೀನು ಹುಳಾ ಯಾಕ ತಿಂದೀತು? ಮಿಕ್ಕ ಮಂಡಕ್ಕಿ ಕೊಳತು ಪಾಚಿಗೆ ಗೊಬ್ಬರಾತು. ಪಾಚಿ ಬೆಳದು ಹುಳಕ್ಕ ಊಟಾತು. ಮಾಡಿದ್ದು ಯಾರಿಗೆ, ಮುಟ್ಟಿದ್ದು ಯಾರಿಗೆ! ಅಮಾಸಿ ಮುಗದ ಮ್ಯಾಲ ಮತ್ತ ಬರ್ತೀನಿ. ಅಷ್ಟರಾಗ ಹುಳಾ ಹೋಗಿರಬೇಕು, ಮೀನಿಗೆ ಒಂದು ಕಾಳೂ ಬೀಳಬಾರದು. ಇಲ್ಲಂದ್ರ ಈ ಮೀನು ಕುಷ್ಟಗಿ ಕಡೆ ಹ್ವಾದ್ವು ಅಂತ ತಿಳ್ಕೋ."

ಆಮೇಲೆ ಹೊಳಿಯಪ್ಪನಿಗೆ ಲೋಕವೇ ಬಾಯಿಗಳಾಗಿ ಕಾಣಿಸತೊಡಗಿತು. ತಿಪ್ಪೆಯ ಮೇಲೆ ಕೋಳಿ ಗೆದ್ದಲು ತಿನ್ನುತ್ತಿತ್ತು, ಗೆದ್ದಲು ಅವನ ಮನೆಯ ತೊಲೆ ತಿನ್ನುತ್ತಿತ್ತು, ತೊಲೆ ಮರವಾಗಿದ್ದಾಗ ಯಾರ ಹೆಣದ ಬೂದಿ ತಿಂದಿತ್ತೋ. ಗೌಡ ಅವನನ್ನು ತಿನ್ನುತ್ತಿದ್ದ, ಗೌಡನನ್ನು ತಹಸೀಲದಾರ ತಿನ್ನುತ್ತಿದ್ದ, ತಹಸೀಲದಾರನನ್ನು ಯಾರೋ ಮೇಲಿನವರು. ಜರ್ಮನಿಯಲ್ಲಿ ಲಡಾಯಿ ನಡೆದಿದೆಯಂತೆ, ಅಲ್ಲಿಯೂ ಇದೇ ಇರಬೇಕು. ಬಾಗಿಲ ಪಕ್ಕ ಕಾಲು ಚಾಚಿ ಕೂತ ಹುಲಿಗವ್ವನನ್ನು ಒಳಗೊಳಗೇ ತಿಂದದ್ದು ಮಾತ್ರ ತಾನು ಕಳಿಸಿದ್ದು. ಯಾರ ಬಾಯೂ ಖಾಲಿ ಇರದ ಈ ಲೋಕದಲ್ಲಿ ತನ್ನ ಮೀನುಗಳ ಬಾಯನ್ನೇ ಖಾಲಿ ಇಡಬೇಕು, ಅದೂ ತಾನೇ ಇಡಬೇಕು. ಹೊಟ್ಟೆಗೆ ಹಾಕಿ ಕೆಡಿಸಿದವನು ಹೊಟ್ಟೆಗೆ ಹಾಕದೆ ನೆಟ್ಟಗೆ ಮಾಡಬೇಕು. ಎಂಥಾ ನ್ಯಾಯವಪ್ಪಾ!

ಊರಿನವರನ್ನು ಕೋಲು ಬೀಸಿ ಹೆದರಿಸಬಹುದಿತ್ತು. ಗೌಸಬೀಯ ಬುಟ್ಟಿಯನ್ನು ಎತ್ತಿಸಿದ. ಆದರೆ ವಿರೂಪಾಕ್ಷಮ್ಮ? ಮೊಮ್ಮಗ ದೊಡ್ಡವನಾಗುವವರೆಗೆ ದಿನಾ ಒಂದು ಬೊಗಸೆ ಎಂದು ಹರಕೆ ಹೊತ್ತವಳು ಅವಳು. "ಹರಕಿ ತಪ್ಪಿಸಾಂವ ನೀ ಯಾವನೋ? ನನ್ನ ಮೊಮ್ಮಗಗ ಏನರ ಆದ್ರ ನೀ ಕೊಡ್ತಿಯೇನು ಮೊಮ್ಮಗನ್ನ?" ಎಂದು ಕೇಳಿದಳು. ಮೊಮ್ಮಗನಿರಲಿ, ಅವನಿಗೆ ಮಗನೇ ಇರಲಿಲ್ಲ. ಬೊಗಸೆ ಆಗಲೇ ಬಾವಿಯ ಮೇಲೆ ಚಾಚಿತ್ತು. ಏನೂ ತೋಚದೆ ರುಮಾಲು ಬಿಚ್ಚಿ ಅದರ ಕೆಳಗೆ ಹಾಸಿ ಹಿಡಿದುಬಿಟ್ಟ.

"ಅವ್ವಾರ, ಅವು ಅಮಾಸಿತನಕ ಉಪಾಸ ಹಿಡದಾವ್ರಿ. ಸರ್ಕಾರ ಅವನ್ನ ನನ್ನ ಜಿಮ್ಮಾ ಕೊಟ್ಟೈತಿ. ಅವುಗಳ ಪಾಲು ನನಗ ಮುಟ್ಟಿದ್ರ ಅವಕ್ಕ ಮುಟ್ಟಿದಂಗ್ರಿ."

ವಿರೂಪಾಕ್ಷಮ್ಮ ಬೊಗಸೆಯ ಮಂಡಕ್ಕಿಯನ್ನು ರುಮಾಲಿಗೆ ಸುರಿದಳು. "ಹಂಗಾದ್ರ ನನ್ನ ಮುಂದ ತಿನ್ನು. ಬಾಯಿಗೆ ಹೋಗಿದ್ದು ಕಣ್ಣಿಲೆ ನೋಡಿದ್ರನ ಹರಕಿ ತೀರೋದು." ಅವನು ತಿನ್ನತೊಡಗಿದ. "ಏ, ಏ! ಮೀನು ಅಗೀತಾವೇನು? ನುಂಗು." ನುಂಗಿದ. ಒಣ ಮಂಡಕ್ಕಿ ಗಂಟಲಲ್ಲಿ ಅಡ್ಡಬಿದ್ದು ಕಣ್ಣಲ್ಲಿ ನೀರು ಬಂತು. ಅವಳು ಅವನಿಗೇ ಕೈಮುಗಿದು ಹೋದಳು. ಸುದ್ದಿ ಕೇಳಿದ ಊರು ಸುಮ್ಮನಿದ್ದೀತೇ? ಮರುದಿನ ಎಲ್ಲರ ಹರಕೆಗಳೂ ಅವನ ಬಾಯಿಗೇ ಬಂದವು. ತಳವಾರಪ್ಪ ಹೋಗಿ ಮೀನಪ್ಪನಾದ. ಸೊಸೆಯ ಬಾಯಿ ಸಣ್ಣದಾಗಲಿ ಎಂದು ಬೇಡಿಕೊಂಡವಳು ಅವನ ಮುಖದ ಹತ್ತಿರ ಬಂದು ಗುಟ್ಟಾಗಿ ಬೇಡಿಕೊಂಡು, "ಕೇಳಿಸ್ತಿಲ್ಲೋ?" ಎಂದೂ ಕೇಳಿದಳು. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಆದರೆ ದಿನದಿನಕ್ಕೆ ನೀರಿನ ಹಸುರು ಕರಗುತ್ತ ಬಂತು. ಮೀನುಗಳು ತೆಳ್ಳಗಾದವು, ಚುರುಕಾದವು, ಕಲ್ಲಿನ ಸಂದಿಸಂದಿಗೆ ಮೂತಿ ಹಾಕಿ ಹುಡುಕತೊಡಗಿದವು. ಮನೆಗೆ ಒಯ್ಯುವ ನೀರನ್ನು ಅವನು ರುಮಾಲಿನಲ್ಲಿ ಸೋಸುವಾಗ ಬಿಳಿ ಹುಳ ಇಷ್ಟಿಷ್ಟೇ ಕಡಿಮೆಯಾಗುತ್ತಿದ್ದವು.

ಈಗ ಆ ಮೆಟ್ಟಿಲ ಮೇಲೆ ಕೂತು ಕಾಯುವಾಗ, ಮುಂಜಾನೆ ವಿರೂಪಾಕ್ಷಮ್ಮ ನುಂಗಿಸಿ ಹೋದ ಬೊಗಸೆ ಹೊಟ್ಟೆಯಲ್ಲಿ ಗುಡುಗುಡು ಎನ್ನುತ್ತಿರುವಾಗ, ಹೊಳಿಯಪ್ಪನ ಬೆರಳಿಗೆ ರುಮಾಲಿನ ಮಡಿಕೆಯಲ್ಲಿ ಒಂದು ಮಂಡಕ್ಕಿ ಸಿಕ್ಕಿತು. ಒಂದೇ ಒಂದು. ಬಾಯಿಗೆ ಹಾಕಿಕೊಳ್ಳಲು ಕೈ ಎತ್ತಿದ. ಬಾಲಪ್ಪ ನೀರಿನ ಅಂಚಿಗೇ ಬಂದು ನಿಂತಿತ್ತು, ಹರಿದ ಬಾಲ ಆಡಿಸುತ್ತ. ಎಷ್ಟು ಸೊರಗಿತ್ತು! ಇಷ್ಟು ದಿನ ಊರ ಹರಕೆಯನ್ನೆಲ್ಲ ತಡೆದವನು, ಗೌಡನ ತಾಯಿಯ ಕೈಗೆ ಅಡ್ಡ ಬಟ್ಟೆ ಹಿಡಿದವನು, ಆ ಒಂದು ಕಾಳನ್ನು ತಡೆಯದಾದ. ಯಾರೂ ನೋಡುತ್ತಿಲ್ಲ. ಒಂದರಿಂದ ಏನಾದೀತು? ಹಾಕಿಬಿಟ್ಟ.

ಬಾಲಪ್ಪ ಬಂತು. ಮೂತಿಯಿಂದ ಮಂಡಕ್ಕಿಯನ್ನು ಒಮ್ಮೆ ದೂಡಿತು. ಬಾಯಿಗೆ ಹಾಕಿಕೊಂಡಿತು, ಉಗುಳಿತು. ಅತ್ತ ಕಲ್ಲಿನ ಬುಡದಲ್ಲಿ ಏನೋ ಕಣ್ಣಿಗೆ ಬಿತ್ತೆಂದು ಕಾಣುತ್ತದೆ, ಬೆನ್ನು ತಿರುಗಿಸಿ ಸರಕ್ಕನೆ ಹೋಯಿತು. ಹೊಳಿಯಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಾ ಹಾಕಿದ್ದಪಾ, ನಾನು, ಎಂದ. ನಿನ್ನ ಸಲುವಾಗಿ ಊರ ಮುಂದೆ ಅಗಿಯದೆ ನುಂಗಿದವನು. ಅದು ಮೂತಿ ಎತ್ತಲಿಲ್ಲ. ಬೆಳೆದ ಮಕ್ಕಳು ಹೀಗೇ ಇರುತ್ತಾರೇನೋ, ಯಾರನ್ನು ಕೇಳುವುದು? ಅಷ್ಟರಲ್ಲಿ ಬುದ್ಧಿ ನೆಟ್ಟಗಾಗಿ ಗಾಬರಿ ಹತ್ತಿತು. ಒಂದು ಕಾಳೂ ಬೀಳಬಾರದು ಎಂದಿದ್ದ ದಾರೋಗಾ. ಕಾಳು ತೇಲುತ್ತ ತೇಲುತ್ತ ನಡುವಿಗೆ ಹೊರಟಿತ್ತು. ಕೋಲು ಚಾಚಿದ, ಅದು ಇನ್ನಷ್ಟು ದೂರ ಸರಿಯಿತು. ಒಂದೇ ಮೆಟ್ಟಿಲು ನೀರಿಗಿಳಿದರೆ ಕೈಗೆ ಸಿಗುತ್ತಿತ್ತು. ಬಲಗಾಲು ಎತ್ತಿದ. ನೀರಿನ ತಂಪು ಅಂಗಾಲಿಗೆ ತಾಗುವ ಮೊದಲೇ ತಾಗಿತು, ಹೋದ ವರ್ಷದ ಆ ಆಹಾ ಎಂಬುದು ಮೈಯೆಲ್ಲ ಹರಿಯಿತು. ಕಾಲು ಗಾಳಿಯಲ್ಲೇ ನಿಂತಿತು, ಕೊಕ್ಕರೆಯ ಕಾಲಿನಂತೆ.

"ಏನ್ಲೇ ತಳವಾರ, ತಪಸ್ಸು ಮಾಡಾಕತ್ತೀಯೇನು?" ಮೇಲಿನಿಂದ ದಾರೋಗಾನ ದನಿ.

ಮೇಲೆ ಊರು ನೆರೆದಿತ್ತು. ವಿರೂಪಾಕ್ಷಮ್ಮ ಮುಂದೆಯೇ ನಿಂತಿದ್ದಳು. ರಾಜಾಬೀಯ ಹೆಗಲು ಹಿಡಿದು ಹುಲಿಗವ್ವನೂ ಕುಂಟುತ್ತ ಬಂದು ಕಟ್ಟೆಯ ಮೇಲೆ ಕೂತಿದ್ದಳು, ಹಿಮ್ಮಡಿಗೆ ಕಡ್ಡಿ ಕಟ್ಟಿಕೊಂಡೇ. ದಾರೋಗಾ ನೀರು ತರಲು ಹೇಳಿದ. ಹೊಳಿಯಪ್ಪ ಮಂಡಕ್ಕಿ ಇಲ್ಲದ ಮೂಲೆ ನೋಡಿ ಕೊಡ ಬಗ್ಗಿಸಿದ. ಕೊಡ ನೀರು ಕುಡಿಯತೊಡಗಿತು, ಗುಳುಗುಳು. ಆ ಸೆಳೆತಕ್ಕೆ ಕಾಳು ತಿರುಗಿತು, ಮೆಲ್ಲಗೆ ಇತ್ತ ಬಂತು, ಓಡಿ ಬಂತು, ಕರೆದವರ ಮನೆಗೆ ಹೋಗುವಂತೆ ಕೊಡದ ಬಾಯೊಳಗೆ ಹೋಯಿತು. ಅವನು ಎತ್ತಿ ಚೆಲ್ಲುವಂತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಮೆಟ್ಟಿಲು ಹತ್ತುವಾಗ ಬೇಕೆಂದೇ ಕೊಡ ಓಲಿಸಿದ, ನೀರು ತುಳುಕಿತು, ಅದೊಂದು ಮಾತ್ರ ತುಳುಕಲಿಲ್ಲ.

ಕೆಂಪು ರುಮಾಲು ಇನ್ನೊಂದು ಕೊಡದ ಬಾಯಿಗೆ ಬಿತ್ತು. ನೀರು ಸುರಿಯಿತು. ದಾರೋಗಾ ಭೂತಗನ್ನಡಿ ಹಿಡಿದು ಬಗ್ಗಿದ. ಕುಚ್ಚು ಬಟ್ಟೆಗೇ ತಾಗುವಷ್ಟು ಬಗ್ಗಿದ. ಆ ಬದಿ ನೋಡಿದ, ಈ ಬದಿ ನೋಡಿದ. "ಶಾಭಾಸ್! ಒಂದೂ ಹುಳಾ ಇಲ್ಲ," ಎಂದ. ಜನ ಹೋ ಎಂದಿತು. ಆಮೇಲೆ ಅವನ ಕನ್ನಡಿ ನಡುವೆ ಬಂದು ನಿಂತಿತು. ನೀರು ಕುಡಿದ ಮಂಡಕ್ಕಿ ಕನ್ನಡಿಯೊಳಗೆ ಹೆಬ್ಬೆರಳ ಉಗುರಿನಷ್ಟು ಕಂಡಿತು. "ಇದೇನಿದು?"

"ನಾನಲ್ಲಪಾ," ಎಂದಳು ವಿರೂಪಾಕ್ಷಮ್ಮ. "ನಾನು ಇವನ ಬಾಯಿಗೇ ಹಾಕೀನಿ. ಬೇಕಾದ್ರ ಇವನ ಹೊ‍ಟ್ಟಿ ಮುಟ್ಟಿ ನೋಡು."

"ಮತ್ತ ಯಾರು? ಇನ್ನೂ ಹಾಕಾಕತ್ತೀರಂದ್ರ ಇವತ್ತು ಹ್ವಾದ ಹುಳಾ ನಾಳಿಗೆ ಬರ್ತಾವು. ನಾ ಈ ಮೀನು ಇಲ್ಲಿ ಇಡೂದಿಲ್ಲ. ಏ, ಬಲಿ ತರ್ರಿ." ಗಾಡಿಯ ಹತ್ತಿರ ಯಾರೋ ಡಬ್ಬಿ ಇಳಿಸಿದ ಸದ್ದಾಯಿತು. ಹೊಳಿಯಪ್ಪ ಬಾಯಿ ತೆರೆದ. ಹೇಳಬೇಕಾದದ್ದು ಒಂದು ಕಾಳಿನ ಮಾತು. ಆದರೆ ಆ ಕಾಳಿನ ಹಿಂದೆ ಹೋದ ವರ್ಷದ ಕಾಲೂ, ಆ ತಂಪೂ, ತಂಬಿಗೆಯ ನೀರೂ, ಎಲ್ಲ ನೂಕಿಕೊಂಡು ಒಟ್ಟಿಗೇ ಗಂಟಲಿಗೆ ಬಂದು ಸಿಕ್ಕಿಕೊಂಡವು. ಬೋಳುತಲೆಯಲ್ಲಿ ಬಾಯಿ ತೆರೆದು ನಿಂತ ಅವನನ್ನು ಹುಲಿಗವ್ವ ಒಮ್ಮೆ ನೋಡಿದಳು. ಕೂತಲ್ಲಿಂದಲೇ ಕೈಚಾಚಿದಳು. ರುಮಾಲಿನ ಮೇಲಿನ ಮಂಡಕ್ಕಿಯನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯದೆ ನುಂಗಿದಳು.

"ಎಲ್ಲೈತ್ರಿ ಸಾಹೇಬ್ರ?" ಎಂದಳು.

ದಾರೋಗಾ ಖಾಲಿ ರುಮಾಲನ್ನು ನೋಡಿದ, ಅವಳನ್ನು ನೋಡಿದ, ಅವಳ ಹಿಮ್ಮಡಿಯ ಕಡ್ಡಿಯನ್ನು ನೋಡಿದ. ಮೊದಲು ಕುಚ್ಚು ಅಲುಗಿತು, ಆಮೇಲೆ ಟೋಪಿ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕೂತುಬಿಟ್ಟ. "ಇಡ್ರಪಾ, ಡಬ್ಬಿ ಗಾಡ್ಯಾಗ ಇಡ್ರಿ. ಇರ್ಲಿ ಮೀನು. ಇಂಥಾ ಬಾಯಿ ಮುಂದ ನಂದೇನು ನಡೀತೈತಿ!"

ಮನೆಯ ದಾರಿಯಲ್ಲಿ ಹೊಳಿಯಪ್ಪ ಒದ್ದೆ ರುಮಾಲನ್ನೇ ತಲೆಗೆ ಸುತ್ತಿ, ಸಿಂಬಿಯಿಟ್ಟು, ಸೋಸಿದ ಕೊಡ ಹೊತ್ತು ನಡೆಯುತ್ತಿದ್ದ. ಹುಲಿಗವ್ವ ಅವನ ಕೋಲೂರಿಕೊಂಡು ಪಕ್ಕದಲ್ಲಿ ಕುಂಟುತ್ತಿದ್ದಳು. ಮೀನು ಉಳಿದಿದ್ದವು, ಕುಣಿಯಬೇಕಿತ್ತು ಅವನು. ಅವನಿಗೆ ಕಾಣುತ್ತಿದ್ದದ್ದು ಅವಳ ಗಂಟಲಲ್ಲಿ ಇಳಿದ ಆ ಕಾಳು ಮಾತ್ರ.

"ಹುಚ್ಚೀ, ಅದರಾಗ ಒಂದು ಹುಳಾ ಕುಂತಿದ್ರ?"

"ಕುಂತಿದ್ರ ಬರೋ ವರ್ಷ ಈ ಹೊತ್ತಿಗೆ ಗೊತ್ತಾಗ್ತೈತಿ."

ನಾಲ್ಕು ಹೆಜ್ಜೆ ನಡೆದರು. "ಹುಲಿಗೀ, ಹ್ವಾದ ವರ್ಷ, ಬಾವ್ಯಾಗ, ನಾನು..."

"ಹ್ವಾದ ವರ್ಷದ್ದು ಬ್ಯಾಡಂದೆ." ಅವಳು ನಿಂತು, ಕೋಲಿನ ತುದಿಯಿಂದ ಅವನ ಬಲಗಾಲಿನ ಹಳೆಯ ಕಲೆಯನ್ನು ಮೆಲ್ಲಗೆ ತಿವಿದಳು, ಅದು ಎಲ್ಲಿದೆ ಎಂದು ಬಗ್ಗಿ ನೋಡದೆಯೇ. "ಬರೋ ವರ್ಷ ನನ್ನ ಕಾಲಾಗ ಏನೂ ಬರಲಿಲ್ಲಂದ್ರ ಆವಾಗ ಹೇಳು, ಕೇಳ್ತೀನಿ. ಅಲ್ಲೀತನಕ ನೀರು ನೀನ ತರಬೇಕು."

ಗೋಡೆಗೊರಗಿ ನಿಂತ ಹೆಂಗಸರು ನಗುತ್ತಿದ್ದರು. ರುಮಾಲಿನಿಂದ ನೀರಿಳಿದು ಹೊಳಿಯಪ್ಪನ ಕಣ್ಣಿಗೆ ಬಂತು, ಒರೆಸಿಕೊಳ್ಳಲು ಎರಡೂ ಕೈ ಕೊಡದ ಮೇಲಿದ್ದವು. "ಹೂಂ," ಎಂದ ಅವನು.